ನಮ್ಮನಿ ಎಲ್‌ಎಲ್‌ಆರ್ ಅಭ್ಯಾಸ

ಎಲ್‌ಎಲ್‌ಆರ್‌ಗೆ (ಗಾಡಿ ಕಲಿಯುವ ಲೈಸೆನ್ಸಿಗೆ) ಓದಬೇಕು ಅಂದರೆ ನಮ್ಮ ಕಾಲದವರು ನಕ್ಕಾರು. ಆಗ ಆರ್‌ಟಿಒ ಸಾಹೇಬರು ಬೋರ್ಡಿನ ಮೇಲಿನ ಚಿತ್ರಕ್ಕೆ ಕೋಲು ಮುಟ್ಟಿಸಿ ‘ಇದೇನು?’ ಅನ್ನುತ್ತಿದ್ದರು. ‘ಮುಂದ ಸಾಲಿ ಅದರೀ’ ಅಂದರೆ ಕೆಲಸ ಮುಗಿಯಿತು. ಈಗ ಪ್ರಶ್ನೆ ಕೇಳುವುದು ಕಂಪ್ಯೂಟರು. ಅದಕ್ಕೆ ಮುಖ ನೋಡಿ ಮಣೆ ಹಾಕುವ ದಾಕ್ಷಿಣ್ಯವಿಲ್ಲ. ಅಣ್ಣನ ಮಗಳು ಗಿಯರ್ ಗಾಡಿಯೇ ಬೇಕೆಂದು ಹಟ ಹಿಡಿದದ್ದೇ ತಡ, ಉಣಕಲ್ಲಿನ ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಳೆ ಬಂತು.

ಚಿಹ್ನೆಗಳು ಬೇಗ ತಲೆಗೆ ಹತ್ತಿದವು. ದುಂಡಗಿದ್ದರೆ ಆಜ್ಞೆ, ಮುಕ್ಕೋನವಾದರೆ ಎಚ್ಚರಿಕೆ, ಆಯತವಾದರೆ ಮಾಹಿತಿ. ಎಂಟು ಮೂಲೆಯದು ‘ನಿಲ್ಲು’, ತಲೆಕೆಳಗಾದ ಮುಕ್ಕೋನ ‘ದಾರಿ ಬಿಡು’. ತೊಡಕೆಲ್ಲ ನಡತೆಯ ಪ್ರಶ್ನೆಗಳಲ್ಲಿ.

ಕಿರಿದಾದ ಸೇತುವೆ, ಎದುರಿನಿಂದ ಇನ್ನೊಂದು ಗಾಡಿ ಬರುತ್ತಿದೆ, ಏನು ಮಾಡುವಿರಿ? ವರ್ಷಾನುಗಟ್ಟಲೆ ಹುಬ್ಬಳ್ಳಿ-ಧಾರವಾಡ ರಸ್ತೆ ಸವೆಸಿದ ಅಣ್ಣ, ‘ಹಾರ್ನ್ ಹೊಡದು ಮೊದಲ ನುಗ್ಗೂದು’ ಅಂದ. ತಪ್ಪು. ಜೀಬ್ರಾ ಪಟ್ಟೆಯ ಹತ್ತಿರ ಜನ ದಾಟಲು ನಿಂತಿದ್ದರೆ? ‘ಹಾರ್ನ್ ಹೊಡದು ಸಾವಕಾಶ ಹೋಗೂದು.’ ಅದೂ ತಪ್ಪು. ಕೌದಿ ಹೊಲಿಯುತ್ತ ಕೂತಿದ್ದ ಅವ್ವ ಮಾತ್ರ ಪ್ರಶ್ನೆ ಮುಗಿಯುವ ಮೊದಲೇ, ‘ನಿಂದರಬೇಕಪಾ, ಅವರು ಹೋಗ್ಲಿ’ ಅನ್ನುತ್ತಿದ್ದಳು. ಪ್ರತಿ ಸಲವೂ ಸರಿ! ಸೈಕಲ್ಲು ಸಹ ಮುಟ್ಟಿದವಳಲ್ಲ. ಪರೀಕ್ಷೆಯ ಗುಟ್ಟು ಇಷ್ಟೇ: ಯಾವ ಉತ್ತರದಲ್ಲಿ ತಾಳ್ಮೆ ಹೆಚ್ಚಿದೆಯೋ ಅದನ್ನು ಒತ್ತಿಬಿಡುವುದು. ಬೈಕಿನ ಹಿಂದೆ ಒಬ್ಬರೇ ಕೂರಬೇಕೆನ್ನುವ, 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಮನ್ನು ಓದುವ ಹೊತ್ತಿಗೆ ಅಣ್ಣ ಚಹಾ ಕುಡಿಯಲು ಎದ್ದು ಹೋದ.

ಒಂದು ಪ್ರಶ್ನೆಯಂತೂ ನಮ್ಮ ಓಣಿಗೆ ಬಂದು ನೋಡಿಯೇ ಬರೆದಂತಿದೆ. ದನ ಹೊಡೆದುಕೊಂಡು ಹೊರಟವನು, ಅದು ಬೆದರೀತೆಂದು ಕೈ ಮಾಡಿದರೆ ಗಾಡಿ ನಿಲ್ಲಿಸಬೇಕು. ಒಪ್ಪಿದೆ. ಆದರೆ ದನದ ಸಂಗಡ ಒಬ್ಬ ಮನುಷ್ಯ ಇದ್ದೇ ಇರುತ್ತಾನೆಂದು ನಿಯಮ ಬರೆದ ಪುಣ್ಯಾತ್ಮರು ನಂಬಿದ್ದಾರೆ. ಉಣಕಲ್ ಕೆರೆಯ ಕಡೆಯಿಂದ ಬರುವ ಎಮ್ಮೆಗಳಿಗೆ ಯಾರ ಬೆಂಗಾವಲೂ ಇರುವುದಿಲ್ಲ. ಅವು ಬೆದರುವುದೂ ಇಲ್ಲ. ಆ ಕೆಲಸ ನಮ್ಮದು.

‘ಹಂಗಾದ್ರ ಯಾವುದು ಒತ್ತಲಿ ಕಾಕಾ?’

‘ಆಯಿನ್ನ ಕೇಳವಾ.’

ರಸ್ತೆಯ ನಡುವೆ ಚಿಗರಿ ಬಸ್ಸಿಗೆಂದೇ ಬಿಟ್ಟ ದಾರಿಯಲ್ಲಿ ಪೊಲೀಸರಿಲ್ಲದಾಗ ಬೈಕು ನುಗ್ಗಿಸಬಹುದೇ ಎಂಬ ಪ್ರಶ್ನೆ ಪುಸ್ತಕದಲ್ಲಿಲ್ಲ. ಇದ್ದಿದ್ದರೆ ನಮ್ಮೂರಿನ ಎಷ್ಟೋ ಹಳೇ ಲೈಸೆನ್ಸುದಾರರು ಅಲ್ಲೇ ನಪಾಸು. ಹಾಗೆ ನೋಡಿದರೆ ಇಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು. ಸಿಗ್ನಲ್ ಇಲ್ಲದೆ ಅಷ್ಟು ಶತಮಾನ ಭಕ್ತರು ಹೋಗಿ ಬಂದಿದ್ದಾರೆ. ಚಪ್ಪಲಿ ಕಳೆದದ್ದು ಬಿಟ್ಟರೆ ಬೇರೆ ಅಪಘಾತ ಆಗಿರಲಿಕ್ಕಿಲ್ಲ.

ಹುಡುಗಿ ಪಾಸಾದಳು. ಆ ಕಾಗದಕ್ಕೆ ಆರು ತಿಂಗಳ ಆಯುಷ್ಯ. 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ 18 ಸೆಂಟಿಮೀಟರ್ ಬಿಳಿ ಚೌಕದಲ್ಲಿ ಕೆಂಪು ‘ಎಲ್’ ಇರಬೇಕು, ಹಿಂದೆ ಕೂರುವುದಾದರೆ ಕಲಿಸುವವರು ಮಾತ್ರ. ಕಲಿಸಲು ಅಣ್ಣ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂರುತ್ತಾನೆ. ಸಂಜೆ ಉಣಕಲ್ ಕ್ರಾಸಿನಲ್ಲಿ ದಾಟುವವರಿಗೆಲ್ಲ ದಾರಿ ಬಿಡುತ್ತ ನಿಂತ ‘ಎಲ್’ ಬೋರ್ಡಿನ ಬೈಕು ಕಂಡರೆ, ಅದು ಕೆಟ್ಟು ನಿಂತದ್ದಲ್ಲ. ದಯಮಾಡಿ ಹಿಂದಿನಿಂದ ಹಾರ್ನ್ ಹೊಡೀಬ್ಯಾಡ್ರಿ.