ಕರಿಬೇವಿನ ಎಲೆಯಲ್ಲಿ ಕಂಡ ತೂತು: ಹಿತ್ತಲ ಕೀಟದರ್ಶನದ ಶಾಸ್ತ್ರವಿಚಾರ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ಆ ಗಿಡದ ಒಂದೆಲೆಯನ್ನೂ ಮಗುಚಿ ನೋಡಿರಲಿಲ್ಲ ಎಂಬುದು ವಿದ್ವಾಂಸರ ಸದ್ಯದ ನಿಲುವು. ಮಗುಚಿದ್ದರೆ ಅಲ್ಲೊಂದು ಮೊಟ್ಟೆ ಕಾಣುತ್ತಿತ್ತು. ಮೊಟ್ಟೆಯ ಫೋಟೊ ತೆಗೆಯಬೇಕೆನಿಸುತ್ತಿತ್ತು. ಅದಕ್ಕೆ ಮ್ಯಾಕ್ರೊ ಲೆನ್ಸ್ ಬೇಕಾಗುತ್ತಿತ್ತು. ಲೆನ್ಸಿನ ಬೆಲೆ ಕೇಳಿದ ಮನೆಯವರಿಗೆ ಮದ್ದು ಬೇಕಾಗುತ್ತಿತ್ತು. ಹೀಗೆ ಹಿತ್ತಲಿಗೂ ಮದ್ದಿಗೂ ಇರುವ ಸಂಬಂಧ ತಾನಾಗಿಯೇ ಸಿದ್ಧವಾಗುತ್ತದೆ.

ಯಾವ ಶಾಸ್ತ್ರವೇ ಆಗಲಿ, ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ದೇಸಿ ಗಿಡಗಳ ತೋಟಕ್ಕೆ ಬರುವ ಆರು ಕಾಲಿನವು, ಎಂಟು ಕಾಲಿನವು, ಲೆಕ್ಕ ತಪ್ಪಿಸುವಷ್ಟು ಕಾಲಿನವು ಮತ್ತು ಕಾಲೇ ಇಲ್ಲದವು. ಬೆಳಿಗ್ಗೆ ಬಿಸಿಲೇರುವ ಮುನ್ನ ಒದ್ದೆ ನೆಲಕ್ಕೆ ಮೊಣಕಾಲೂರಿ, ಉಸಿರು ಬಿಗಿಹಿಡಿದು, ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ “ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?” ಎಂದು ಕೇಳಿದರೂ ಅಲುಗಾಡದವನೇ ಅಧಿಕಾರಿ. ಬೆಳಗಿನ ನಿಯಮಕ್ಕೆ ಕಾರಣವುಂಟು: ಹಾರಾಟದ ಸ್ನಾಯುಗಳು ಬಿಸಿಯೇರುವ ತನಕ ಕೀಟಗಳು ಕೂತಲ್ಲಿಂದ ಏಳಲಾರವು. ಸಂಬಂಧವು ಕೀಟ ಸಿಕ್ಕಿದರೆ ಕ್ಯಾಮೆರಾಕ್ಕೂ ಕೀಟಕ್ಕೂ, ಸಿಗದಿದ್ದರೆ ಸೊಳ್ಳೆಗೂ ಅಧಿಕಾರಿಗೂ. ಪ್ರಯೋಜನವನ್ನು ಮುಂದೆ ಹೇಳಲಾಗುವುದು ಎಂದು ಹಿಂದಿನವರೆಲ್ಲ ಬರೆದು ಮುಂದೆ ಹೇಳದೆ ಬಿಟ್ಟಿರುವುದರಿಂದ ಈ ಪ್ರಬಂಧವೂ ಸಂಪ್ರದಾಯ ಮುರಿಯುವುದಿಲ್ಲ.

ಇನ್ನು ಪ್ರಮಾಣ ವಿಚಾರ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ ಎಂದು ನೈಯಾಯಿಕರು ನೆಮ್ಮದಿಯಾಗಿದ್ದರು. ಅವರ ಕೈಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿರಲಿಲ್ಲ. ಕೀಟದ ನಿಜಗಾತ್ರವೇ ಸೆನ್ಸರಿನ ಮೇಲೆ ಬೀಳುವಂತೆ, ಅಂದರೆ 1:1ರಲ್ಲಿ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 1 ಮಿಲಿಮೀಟರ್. ಚಿಟ್ಟೆಯ ಕಣ್ಣು ಸಿಕ್ಕಿತೋ, ಮೀಸೆಯ ತುದಿ ಮಂಜು; ಮೀಸೆ ಸಿಕ್ಕಿತೋ, ಕಣ್ಣು ಮಾಯ. ಎಫ್/16ಕ್ಕೆ ಹೋದರೆ ಪ್ರತ್ಯಕ್ಷ ಎರಡು ಮಿಲಿಮೀಟರಿಗೆ ಹಿಗ್ಗುತ್ತದೆ, ಆದರೆ ಬೆಳಕು ಸಾಲದೆ ಫ್ಲ್ಯಾಶ್ ಹಚ್ಚಬೇಕು. ಇನ್ನೂ ಮುಂದೆ ಹೋದರೆ ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕೇ ಚದುರಿ ಇಡೀ ಚಿತ್ರ ಮಸುಕಾಗುತ್ತದೆ. ಜಗತ್ತು ಮಿಥ್ಯೆ ಎಂಬ ವಾದಕ್ಕೆ ಇಷ್ಟು ಅಗ್ಗದ ಸಾಕ್ಷಿ ಬೇರೆಲ್ಲೂ ದೊರೆಯದು. ಲೆನ್ಸ್ ಮಾತ್ರ ದುಬಾರಿ.

ಬಲ್ಲವರ ಮಾತನ್ನು ನಂಬುವ ಶಬ್ದಪ್ರಮಾಣಕ್ಕೆ, ಫೋಟೊ ಹಾಕಿದರೆ ಜನ ಗುರುತು ಹೇಳುವ, 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ಜಾಲತಾಣ ಇದೆ. ಆಪ್ತವಾಕ್ಯ ಎಷ್ಟು ಮಂದಿಯದ್ದಿರಬೇಕು ಎಂಬ ತಲೆನೋವು ಅಲ್ಲಿ ಬಗೆಹರಿದಿದೆ: ಗುರುತು ಹೇಳಿದವರು ಕನಿಷ್ಠ ಇಬ್ಬರಿರಬೇಕು, ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಬೇಕು. ಆದರೂ ಎಷ್ಟೋ ಸಣ್ಣ ನೊಣ, ಜೀರುಂಡೆಗಳ ಜಾತಿ ತಿಳಿಯಬೇಕಾದರೆ ಅವುಗಳ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕು. ಇಲ್ಲಿಗೆ ಬಂದಾಗ ಅಧಿಕಾರಿ ಮೌನ ವಹಿಸಿ ಪಾತರಗಿತ್ತಿಯತ್ತ ತಿರುಗುತ್ತಾನೆ.

ಭ್ರಾಂತಿಪ್ರಕರಣದಲ್ಲಿ ಶಾಸ್ತ್ರ ಶ್ರೀಮಂತವಾಗಿದೆ. ಹಗ್ಗವನ್ನು ಹಾವೆಂದು ಭ್ರಮಿಸುವ ಹಳೆಯ ದೃಷ್ಟಾಂತವನ್ನು ವೇದಾಂತಿಗಳು ಇನ್ನು ಹಿತ್ತಲಿಗೆ ಬಿಟ್ಟುಕೊಡಬಹುದು. ನಿಂಬೆ ಚಿಟ್ಟೆಯ ಎಳೆ ಹುಳು ಕಂದು ಮೈಮೇಲೆ ಬಿಳಿ ಬಳಿದುಕೊಂಡು ಸಾಕ್ಷಾತ್ ಹಕ್ಕಿಹಿಕ್ಕೆಯಾಗಿ ಎಲೆಯ ಮೇಲೆ ಬಿದ್ದಿರುತ್ತದೆ. ಹಕ್ಕಿಯೇ ಹಿಕ್ಕೆಯೆಂದು ನಂಬಿ ಬಿಟ್ಟುಹೋಗುತ್ತದೆ. ಅಧಿಕಾರಿ ಹುಳುವೆಂದು ನಂಬಿ ನಿಜವಾದ ಹಿಕ್ಕೆಯ ಫೋಟೊವನ್ನು ಹನ್ನೊಂದು ಕೋನಗಳಿಂದ ತೆಗೆಯುತ್ತಾನೆ. ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣುಗಳಲ್ಲಿ ಒಂದು ಬಗೆ ಗಂಡಿನಂತೆಯೇ ಕಾಣುತ್ತದೆ, ಇನ್ನೊಂದು ಕಾಮನ್ ರೋಸ್‌ನ ವೇಷ, ಮತ್ತೊಂದು ಕ್ರಿಮ್ಸನ್ ರೋಸ್‌ನ ವೇಷ ಹಾಕುತ್ತದೆ. ಆ ರೋಸ್‌ಗಳು ಈಶ್ವರಿ ಬಳ್ಳಿಯ ವಿಷ ತಿಂದು ಬೆಳೆದವು, ಹಕ್ಕಿಗಳಿಗೆ ರುಚಿಸವು. ಮಾರ್ಮನ್ ಮೈಯಲ್ಲಿ ವಿಷವೂ ಇಲ್ಲ, ಪಥ್ಯವೂ ಇಲ್ಲ, ವೇಷವೊಂದೇ.

ಮಾವಿನ ಮರದ ಚಿಗಳಿ ಇರುವೆಗಳ ಸಾಲಿನಲ್ಲಿ ಒಂದು ಇರುವೆ ಮಾತ್ರ ಹೆಜ್ಜೆ ತಪ್ಪುತ್ತಿದ್ದರೆ ಕಾಲು ಎಣಿಸಬೇಕು. ಎಂಟಾದರೆ ಅದು ಇರುವೆ ವೇಷದ ಜೇಡ. ಮುಂಗಾಲೆರಡನ್ನು ಎತ್ತಿ ಮೀಸೆಯಂತೆ ಆಡಿಸುತ್ತ ನಡೆಯುತ್ತದೆ. ಗಂಡಿನ ದವಡೆ ಎಷ್ಟು ಉದ್ದವೆಂದರೆ ಒಂದು ಇರುವೆ ಇನ್ನೊಂದನ್ನು ಹೊತ್ತೊಯ್ಯುತ್ತಿದೆ ಎಂದೇ ತೋರುತ್ತದೆ. ಎಣಿಸಿ ಮುಗಿಸುವಷ್ಟರಲ್ಲಿ ಅಸಲಿ ಚಿಗಳಿಗಳು ಅಂಗಿಯೊಳಗೆ ಸೇರಿರುತ್ತವೆ. ಇದೇ ಅನುಭವಪ್ರಮಾಣ. ಮಲೆನಾಡಿನವರು ಈ ಇರುವೆಯ ಚಟ್ನಿ ಅರೆಯುವುದು ಸೇಡಿಗಲ್ಲ, ರುಚಿಗೆ ಎಂಬುದು ಭಾಷ್ಯಕಾರರ ಸ್ಪಷ್ಟನೆ.

ದೇಶೀಯತ್ವವೇ ಶಾಸ್ತ್ರದ ಅತಿ ಕಠಿಣ ಅಧ್ಯಾಯ. ಶುದ್ಧಪಂಥದವರು ತೋಟಕ್ಕೆ ತುಂಬೆ, ಎಕ್ಕ, ಈಶ್ವರಿ ಬಳ್ಳಿ, ಗಿಲಿಗಿಚ್ಚಿ ಬಿಟ್ಟು ಬೇರೇನನ್ನೂ ಸೇರಿಸರು. 19ನೇ ಶತಮಾನದ ಆರಂಭದಲ್ಲಿ ಚೆಂದಕ್ಕೆಂದು ಅಮೆರಿಕಾ ಖಂಡದಿಂದ ಬಂದ ಲಂಟಾನಕ್ಕೆ ಅಲ್ಲಿ ಪ್ರವೇಶವಿಲ್ಲ. ಬೇಲಿಯಾಚೆಯ ಲಂಟಾನದ ಮೇಲೆ ಚಿಟ್ಟೆಗಳು ಮುತ್ತಿಕೊಂಡು ಮಕರಂದ ಹೀರುವಾಗ ಶುದ್ಧಪಂಥದವರು ಮುಖ ತಿರುಗಿಸುತ್ತಾರೆ, ಲೆನ್ಸ್ ಮಾತ್ರ ತಿರುಗಿಸುವುದಿಲ್ಲ. ಮಧ್ಯಾಹ್ನ ಅವರೇ ಪೋರ್ಚುಗೀಸರು ತಂದ ಮೆಣಸಿನಕಾಯಿಯ ಸಾರಿನಲ್ಲಿ ಉಣ್ಣುತ್ತಾರೆ. 1847ರಲ್ಲಿ ಕಲ್ಕತ್ತೆಗೆ ತಂದುಬಿಟ್ಟ ಆಫ್ರಿಕಾದ ದೈತ್ಯ ಬಸವನಹುಳು ರಾತ್ರಿ ಬಂದು ದೇಸಿ ಸಸಿಗಳನ್ನೇ ಆರಿಸಿ ತಿಂದಂತೆ ಅವರಿಗೆ ಕಾಣುತ್ತದೆ.

ಕಾಂಗ್ರೆಸ್ ಹುಲ್ಲಿನ ಮೇಲೆ ಕೂತ, ಕೆನೆಬಣ್ಣದ ಬೆನ್ನಿಗೆ ಕಂದು ಗೀಟೆಳೆದ ಪುಟ್ಟ ಜೀರುಂಡೆಯ ಫೋಟೊವನ್ನು ಸ್ವದೇಶಿ ಸೊಬಗು ಎಂದು ಹಂಚಿಕೊಳ್ಳುವವರೂ ಉಂಟು. ಆ ಜೀರುಂಡೆ ಮೆಕ್ಸಿಕೊದ್ದು. ಆ ಹುಲ್ಲನ್ನು, ಅಂದರೆ ಪಾರ್ಥೇನಿಯಂ ಅನ್ನು, ತಿಂದು ಮುಗಿಸಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು. ಸರ್ಕಾರಿ ಕೆಲಸದ ಮೇಲೆ ಬಂದು ಇಲ್ಲೇ ಮನೆ ಮಾಡಿಕೊಂಡವರನ್ನು ಹೊರಗಿನವರೆನ್ನಬಹುದೇ ಎಂಬ ಪ್ರಶ್ನೆಗೆ ಬೆಂಗಳೂರಿನ ಯಾವ ಬಡಾವಣೆಯಲ್ಲೂ ಒಮ್ಮತವಿಲ್ಲ.

ಕೊನೆಯದು ಕರಿಬೇವಿನ ವ್ಯಾಜ್ಯ. ವಾದಿ ಅತ್ತೆ, ಪ್ರತಿವಾದಿ ಸೊಸೆ, ಸಾಕ್ಷಿ ನಿಂಬೆ ಚಿಟ್ಟೆಯ ದಪ್ಪ ಹಸಿರು ಹುಳು. ತಿನ್ನುವುದರ ಬಹುಪಾಲನ್ನು ಕೋಶ ಕಟ್ಟುವ ಮುಂಚಿನ ಈ ಕೊನೆಯ ಹಂತದಲ್ಲೇ ತಿನ್ನುವುದರಿಂದ ರೆಂಬೆಯಲ್ಲಿ ಕಡ್ಡಿಗಳಷ್ಟೇ ಉಳಿದಿವೆ.

“ಗಿಡ ಬೋಳಾಯ್ತಲ್ಲೇ. ಬೇವಿನೆಣ್ಣೆ ಹೊಡೀಲಾ?”

“ಅಯ್ಯೋ ಬೇಡಿ ಅತ್ತೆ, ಇನ್ನೆರಡು ದಿನ. ಕೋಶ ಕಟ್ಟುತ್ತೆ.”

“ಕಟ್ಟಲಿ. ಅಲ್ಲೀವರೆಗೂ ಒಗ್ಗರಣೆಗೆ ಏನ್ ಹಾಕ್ಲಿ?”

ಅತ್ತೆ ಕಡ್ಡಿಯಲ್ಲಿ ಮುಟ್ಟುತ್ತಾರೆ. ಹುಳು ತಲೆಯೆತ್ತಿ, ಕತ್ತಿನ ಹಿಂದಿನ ಸೀಳಿನಿಂದ ಕೆಂಪು ಛಾಯೆಯ, ಒದ್ದೆಯಾದ ಕವಲುಕೊಂಬನ್ನು ಹೊರಚಾಚುತ್ತದೆ. ಘಾಟು ವಾಸನೆ ಮೂಗಿಗೆ ಹೊಡೆಯುತ್ತದೆ. ಇರುವೆ, ಜೇಡಗಳನ್ನು ಓಡಿಸಲು ಇರುವ ಈ ಅಸ್ತ್ರ ಅತ್ತೆಯ ಮೇಲೆ ನಡೆಯುವುದಿಲ್ಲ. “ತಿಂದಿದ್ದಕ್ಕೆ ಕೊಂಬು ಬೇರೆ” ಎಂದು ಅವರು ಒಳಗೆ ಹೋಗುತ್ತಾರೆ. ಸೊಸೆಗೆ ಕೊಂಬಿನ ಫೋಟೊ ಸಿಕ್ಕಿದೆ. ಫೋಕಸ್ ಕಡ್ಡಿಯ ಮೇಲಿದೆ.

ಅಡುಗೆಮನೆಗೊಂದು, ಹುಳುವಿಗೊಂದು ಎಂದು ಎರಡು ಗಿಡ ನೆಡಬೇಕೆಂಬ ರಾಜಿಸೂತ್ರ ನಿಲ್ಲದು. ದಿನವೂ ಕೊಯ್ಯುವ ಗಿಡ ಹೊಸ ಚಿಗುರು ಬಿಡುತ್ತದೆ, ತಾಯಿಚಿಟ್ಟೆ ಮೊಟ್ಟೆಗೆ ಚಿಗುರನ್ನೇ ಹುಡುಕುತ್ತದೆ. ಹೀಗಾಗಿ ಅಡುಗೆಮನೆಯ ಗಿಡವೇ ಅದಕ್ಕೂ ಇಷ್ಟ. ಆದ್ದರಿಂದ ಸಿದ್ಧಾಂತ: ತೂತಿಲ್ಲದ ಎಲೆಯ ತೋಟವನ್ನು ನರ್ಸರಿ ಎನ್ನಬಹುದು, ಶಾಸ್ತ್ರ ಅದನ್ನು ತೋಟವೆಂದು ಒಪ್ಪದು.

ಅಭ್ಯಾಸಕ್ಕೆ ಪ್ರಶ್ನೆಗಳು. ಯಾವುದಾದರೂ ಎರಡಕ್ಕೆ ಉತ್ತರಿಸಿ.

1. ಬೇವಿನೆಣ್ಣೆಯಿಂದ ಪಾರು ಮಾಡಿ ಸಾಕಿದ ಹುಳುವಿನ ಮೈಯಿಂದ ಚಿಟ್ಟೆಯ ಬದಲು ಪರಾವಲಂಬಿ ಕಣಜದ ಮರಿಗಳು ಹೊರಬಂದವು. ಅಧಿಕಾರಿ ಅಳಬೇಕೋ, ಲೆನ್ಸ್ ಬದಲಿಸಬೇಕೋ? (5 ಅಂಕ)

2. ಅಧಿಕಾರಿ ಬೆವರು ಸುರಿಸಿ ಫೋಕಸ್ ಮಾಡಿದ ಮಿಡತೆಯನ್ನು ಓತಿಕ್ಯಾತ ನುಂಗಿತು. ಫೋಟೊದ ಶೀರ್ಷಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು? (5 ಅಂಕ)

3. ಕರ್ನಾಟಕದ ರಾಜ್ಯ ಚಿಟ್ಟೆಯಾದ, ಪಶ್ಚಿಮ ಘಟ್ಟದ ಸದರ್ನ್ ಬರ್ಡ್‌ವಿಂಗ್ ಬರಲೆಂದು ಬೆಂಗಳೂರಿನ ಟೆರೇಸ್ ಮೇಲೆ ಕುಂಡದಲ್ಲಿ ಈಶ್ವರಿ ಬಳ್ಳಿ ಹಬ್ಬಿಸಿದವರ ಮನಃಸ್ಥಿತಿಯನ್ನು ವಿವರಿಸಿ. ಬಂದದ್ದು ಕ್ರಿಮ್ಸನ್ ರೋಸ್ ಎಂದು ಬರೆದವರಿಗೆ ಪೂರ್ಣ ಅಂಕ. ಬಂದದ್ದು ಓನರ್ ಎಂದು ಬರೆದವರಿಗೂ ಪೂರ್ಣ ಅಂಕ. (10 ಅಂಕ)