ಪತನಪರಿಹಾರ ಮೀಮಾಂಸೆ

ಪತನವೆಂದರೆ ಬೀಳುವುದು. ಸ್ಖಲನ ಎಂಬ ಇನ್ನೂ ಘನವಾದ ಪದವಿದೆ. ಆದರೆ ಕನ್ನಡ ಪತ್ರಿಕೆಗಳ ಗುಪ್ತ ಸಮಾಲೋಚನೆಯ ಅಂಕಣಗಳು ಅದನ್ನು ಬೇರೊಂದು ಕಾರ್ಯಕ್ಕೆ ಕಾಯ್ದಿರಿಸಿಕೊಂಡಿರುವುದರಿಂದ ಇಲ್ಲಿ ಕೈಬಿಡಲಾಗಿದೆ. ಕಾಸರಗೋಡಿನ ಮೀಂಜ ಪಂಚಾಯತಿನಲ್ಲಿ ಬೀಳುವವನಿಗೆ ಪದಗಳ ಬರವಂತೂ ಇಲ್ಲ. ಕನ್ನಡದಲ್ಲಿ ಬೀಳಬಹುದು, ತುಳುವಿನಲ್ಲಿ ಬೂರಬಹುದು, ಮಲಯಾಳದಲ್ಲಿ ವೀಳಬಹುದು. ಮೂರರಲ್ಲೂ ಒಟ್ಟಿಗೆ ಬಿದ್ದವನು ಪ್ರಸ್ತುತ ಪ್ರಬಂಧಕಾರ.

ತೊಡಕಿರುವುದು ‘ಪರಿಹಾರ’ ಎಂಬ ಪದದಲ್ಲಿ. ಕಾನೂನಿನ ಪುಸ್ತಕದಲ್ಲಿ ಪರಿಹಾರವೆಂದರೆ ತಪ್ಪು ಮಾಡಿದವನು ನೊಂದವನಿಗೆ ಕೊಡುವ ಹಣ. ಮೀಯಪದವಿನ ಬಸ್ ನಿಲ್ದಾಣದಲ್ಲಿ ಹಾಗಲ್ಲ. ಅಲ್ಲಿ ಪರಿಹಾರವೆಂದರೆ ಜೋಯಿಸರು ಕವಡೆ ಮಗುಚಿ ಹೇಳಿದ್ದು: ತಂಬಿಲ, ಆಶ್ಲೇಷಾ ಬಲಿ, ಇಷ್ಟು ಕಾಯಿ, ಇಷ್ಟು ದಕ್ಷಿಣೆ. ಅದನ್ನು ಕೊಡಬೇಕಾದವನು ನೊಂದವನೇ. ಒಂದೇ ಪದ, ಹಣ ಹರಿಯುವ ದಿಕ್ಕು ಮಾತ್ರ ಉಲ್ಟಾ. “ಪರಿಹಾರ ಎಷ್ಟಾಯಿತು?” ಎಂದು ಇಲ್ಲಿ ಯಾರಾದರೂ ಕೇಳಿದರೆ ಎಷ್ಟು ಸಿಕ್ಕಿತು ಎಂದಲ್ಲ, ಎಷ್ಟು ಹೋಯಿತು ಎಂದರ್ಥ. ಈ ಅರ್ಥಭೇದ ತಿಳಿಯದೆ ನಾನು ಸೂಪರ್‌ ಮಾರ್ಕೆಟ್ಟಿನೊಳಗೆ ಕಾಲಿಟ್ಟೆ.

ಘಟನೆ ಇಷ್ಟು. ಆಟಿ ತಿಂಗಳ ಒಂದು ಸಂಜೆ, ಐದು ಗಂಟೆ ಹತ್ತು ನಿಮಿಷಕ್ಕೆ, ಹೆದ್ದಾರಿ ಬದಿಯ ಒಂದು ಸೂಪರ್‌ ಮಾರ್ಕೆಟ್ಟಿನಲ್ಲಿ (ಹೆಸರು ಬೇಡ, ನಾಳೆಯೂ ಅಲ್ಲಿಗೇ ಹೋಗಬೇಕು) ಆರು ಮೊಟ್ಟೆಗಳ ಬುಟ್ಟಿ ಹಿಡಿದು ಪ್ರಬಂಧಕಾರನು ಎಣ್ಣೆಯ ಸಾಲಿನ ಕಡೆಗೆ ತಿರುಗಿದನು. ಆಮೇಲೆ ಅವನು ಚಾವಣಿಯ ದೀಪಗಳನ್ನು ನೋಡುತ್ತಿದ್ದನು.

ಇಂಥ ಪತನ ನಮ್ಮ ಅಜ್ಜನಿಗೆ ಸಾಧ್ಯವಿರಲಿಲ್ಲ. ಅವನ ಕಾಲದ ಜಿನಸಿನ ಅಂಗಡಿಯಲ್ಲಿ ಗಿರಾಕಿ ಜಗಲಿಯಲ್ಲಿ ನಿಲ್ಲುತ್ತಿದ್ದ. ಒಳಗೆ ಓಡಾಡಿ, ಎಣ್ಣೆ ಡಬ್ಬಕ್ಕೆ ಎಡವಿ, ಮೆಣಸಿನ ಗೋಣಿಯ ಮೇಲೆ ಬೀಳುವ ಹಕ್ಕು ಅಂಗಡಿಯವನೊಬ್ಬನದೇ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಗಳೇ ಒಳಗೆ ಬಂದು ಬೇಕಾದ್ದನ್ನು ತಾವೇ ತೆಗೆದುಕೊಳ್ಳಲಿ ಎಂದ. ಸಂಬಳವಿಲ್ಲದೆ ದುಡಿಯುವ ಕೆಲಸ ಆ ದಿನ ಗಿರಾಕಿಯ ಪಾಲಿಗೆ ಬಂತು, ಜೊತೆಗೆ ಬೀಳುವ ಕೆಲಸವೂ.

ಇಲ್ಲಿ ಪ್ರತಿವಾದಿಯ ಒಂದು ಆಕ್ಷೇಪ: ಬಿದ್ದವನಿಗೆ ನಡೆಯಲು ಬರುವುದಿಲ್ಲ. ಇದು ಶುದ್ಧ ಅಜ್ಞಾನ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಸೀಮೆ ನಮ್ಮದು. ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲನ್ನು ಬರಿಗಾಲಿನಲ್ಲಿ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಇಳಿಯುವ ಜನ ನಾವು. ತೋಟದ ಕಣಿಗೆ ಹಾಸಿದ ಕಂಗಿನ ಸಂಕ ಅಂಗೈಯಗಲವಿರುತ್ತದೆ, ಸದಾ ಒದ್ದೆ, ಕೆಳಗೆ ಕೆಸರು. ಅದರ ಮೇಲೆ ಬೀಡಿ ಹಚ್ಚಿಕೊಂಡು ನಡೆದವರ ಮೊಮ್ಮಗ ನಾನು. ಅಂಥ ಅಂಗಾಲು ಸೋತದ್ದು ನುಣುಪು ಟೈಲ್ಸಿನ ಮೇಲೆ, ಎಸಿಯಲ್ಲಿ, ಸಮತಟ್ಟಿನಲ್ಲಿ. ಚಪ್ಪಲಿಯ ಹಿಮ್ಮಡಿ ಸವೆದಿತ್ತು ಎಂಬ ವಾದವೂ ಇದೆ. ಆ ವಾದ ನನ್ನ ಹೆಂಡತಿಯದು, ಹಾಗಾಗಿ ಗಣನೆಗೆ ತೆಗೆದುಕೊಂಡಿಲ್ಲ.

ಜಾರಿದ ವಸ್ತು ಯಾವುದು ಎಂಬುದಕ್ಕಿಂತ ಅದು ಎಷ್ಟು ಹೊತ್ತಿನಿಂದ ಅಲ್ಲಿತ್ತು ಎಂಬುದೇ ಈ ಶಾಸ್ತ್ರದ ಜೀವಾಳ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ರೈಲು ನಿಲ್ದಾಣದ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಇಬ್ಬರು ಬಿದ್ದರು. 1901ರ ಗಾಡರ್ಡ್ ಸೋತ, ಏಕೆಂದರೆ ಆ ಸಿಪ್ಪೆಯನ್ನು ಯಾರೋ ಪ್ರಯಾಣಿಕ ಒಂದು ನಿಮಿಷದ ಹಿಂದಷ್ಟೇ ಎಸೆದಿದ್ದಿರಬಹುದು. 1911ರ ಅಂಜೂ ಎಂಬಾಕೆ ಗೆದ್ದಳು, ಏಕೆಂದರೆ ಅವಳ ಸಿಪ್ಪೆ ಕಪ್ಪಾಗಿ, ಒಣಗಿ, ಮಣ್ಣು ಮೆತ್ತಿಕೊಂಡು, ತುಳಿತುಳಿದು ಚಪ್ಪಟೆಯಾಗಿತ್ತು. ಅಷ್ಟು ಹೊತ್ತು ಬಿದ್ದಿದ್ದರೂ ಯಾರೂ ಗುಡಿಸಲಿಲ್ಲವಲ್ಲ ಎಂದಿತು ನ್ಯಾಯಾಲಯ. ಕಪ್ಪಾದಷ್ಟೂ ಕೇಸು ಗಟ್ಟಿ ಎಂಬುದು ಸೂತ್ರ. (ಈ ಸೂತ್ರದಿಂದ ಅಳೆದರೆ, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಹೇಳಿದ ಮಹಾಜನ್ ವರದಿಗಿಂತ ಕಪ್ಪಾದ ಸಿಪ್ಪೆ ಭೂಮಿಯ ಮೇಲಿಲ್ಲ. ಆದರೂ ಗೆದ್ದವರು ಯಾರೂ ಇಲ್ಲ. ವಿಷಯಕ್ಕೆ ಬರೋಣ.)

ನನ್ನ ಕಾಲಡಿಯಲ್ಲಿ ಇದ್ದದ್ದು ತೆಂಗಿನೆಣ್ಣೆ. ಇಲ್ಲಿ ಪ್ರಬಂಧಕಾರನು ಅಮೆರಿಕದವರಿಗೆ ಹೊಳೆಯದ ಒಂದು ಪ್ರಮಾಣವನ್ನು ಮಂಡಿಸುತ್ತಾನೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯೊಳಗೆ ಕಡ್ಡಿ ತುರುಕಿದ ಎಲ್ಲರಿಗೂ ಇದು ಗೊತ್ತು. ಅಂಗಡಿಯ ಎಸಿ 18ರಲ್ಲಿತ್ತು. ಬಿದ್ದಲ್ಲಿಂದಲೇ ನಾನು ನೆಲವನ್ನು ಬೆರಳಿನಿಂದ ಒರೆಸಿ ನೋಡಿದೆ. ಎಣ್ಣೆ ಅಂಚಿನಲ್ಲಿ ಬೆಳ್ಳಗೆ ಬೆಣ್ಣೆಯಂತೆ ಕಟ್ಟಿತ್ತು, ನಡುವೆ ಮಾತ್ರ ಇನ್ನೂ ನೀರು. ಅಂದರೆ ಅದು ಚೆಲ್ಲಿ ಬಹಳ ಹೊತ್ತಾಗಿತ್ತು. ಬಿದ್ದ ಮನುಷ್ಯ ಏಳದೆ ಬೆರಳು ಮೂಸುತ್ತಿದ್ದಾನೆಂದು ಜನ ತಲೆಗೆ ಏಟಾಗಿದೆ ಎಂದುಕೊಂಡರು. ಸಂಶೋಧನೆಯನ್ನು ಸಮಾಜ ಯಾವಾಗಲೂ ಹೀಗೆಯೇ ಸ್ವೀಕರಿಸಿದೆ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಋಣವನ್ನೂ ಇಲ್ಲಿ ಸ್ಮರಿಸಬೇಕು. ದಾರಿಹೋಕನ ಮೇಲೆ ಹಿಟ್ಟಿನ ಪೀಪಾಯಿ ಬಿದ್ದು, “ಪೀಪಾಯಿ ಸುಮ್ಮನೆ ಬೀಳುವುದಿಲ್ಲ, ಇನ್ನೇನು ಸಾಕ್ಷಿ ಬೇಕು?” ಎಂಬ ತತ್ತ್ವ 1863ರಲ್ಲಿ ಹುಟ್ಟಿದ್ದು ಆ ಊರಿನ ಪ್ರಕರಣದಿಂದ. ಶತಮಾನ ಕಳೆದ ಮೇಲೆ ಟೆಸ್ಕೋ ಅಂಗಡಿಯ ನೆಲದ ಮೊಸರಿನ ಮೇಲೆ ವಾರ್ಡ್ ಎಂಬಾಕೆ ಜಾರಿ ಬಿದ್ದು ಗೆದ್ದದ್ದೂ ಅಲ್ಲಿಯೇ. ನನಗೆ ಆಕೆಯ ತೀರ್ಪಿಗಿಂತ ಆಕೆಯ ಛಲದ ಮೇಲೆ ಗೌರವ. ಮೂರು ವಾರದ ನಂತರ ಅದೇ ಅಂಗಡಿಯಲ್ಲಿ ಕಿತ್ತಳೆ ರಸ ಚೆಲ್ಲಿದ್ದನ್ನು ಕಂಡು, ಯಾರು ಬಂದು ಒರೆಸುತ್ತಾರೆ ನೋಡೋಣವೆಂದು ಕಾಲು ಗಂಟೆ ಕಾದು ನಿಂತಳಂತೆ. ಯಾರೂ ಬರಲಿಲ್ಲ. ನಮ್ಮೂರಿನಲ್ಲಿ ಹಾಗೆ ನಿಲ್ಲಲಾಗದು. ಕಾಲು ಗಂಟೆಯಲ್ಲಿ ಕನಿಷ್ಠ ನಾಲ್ವರು ನೆಂಟರು ಸಿಕ್ಕಿ, ಮಗಳ ಮದುವೆಯ ಸುದ್ದಿ ತೆಗೆದು, ರಸದ ಸಮೇತ ನಮ್ಮನ್ನು ಹೊರಗೆ ಒಯ್ಯುತ್ತಾರೆ.

ಈಗ ಮುಖ್ಯ ಪ್ರಕರಣ: ನಾನು ಗ್ರಾಹಕನೋ ಅಲ್ಲವೋ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು 2020ರ ಜುಲೈ 20ರಂದು. (ಬಿದ್ದವನಿಗೂ ಕಾಯಿದೆಗೂ ಕನ್ನಡದಲ್ಲಿ ‘ಜಾರಿ’ ಎಂಬ ಒಂದೇ ಪದವಿರುವುದನ್ನು ವೈಯಾಕರಣಿಗಳು ಗಮನಿಸಿಲ್ಲ.) ಅದರ ಪ್ರಕಾರ ಬೆಲೆ ಕೊಟ್ಟು ಅಥವಾ ಕೊಡುವೆನೆಂದು ಒಪ್ಪಿ ವಸ್ತು ಕೊಳ್ಳುವವನು ಗ್ರಾಹಕ. ಬುಟ್ಟಿಯಲ್ಲಿದ್ದ ಆರು ಮೊಟ್ಟೆಗಳೂ ಒಡೆದಿದ್ದವು. ಹಣ ಇನ್ನೂ ಜೇಬಿನಲ್ಲಿತ್ತು. ಬುಟ್ಟಿಗೆ ಹಾಕಿದ್ದು ಒಪ್ಪಿದಂತೆಯೇ ಎಂಬುದು ನನ್ನ ಪಕ್ಷ. ಕೌಂಟರಿನವರೆಗೆ ಎಲ್ಲ ಬರೀ ಆಸೆ ಎಂಬುದು ಎದುರು ಪಕ್ಷ. ಆದ್ದರಿಂದ ಎದ್ದವನೇ ಸೊಂಟ ಹಿಡಿದುಕೊಂಡು ಕೌಂಟರಿಗೆ ಹೋಗಿ, “ಒಡೆದ ಮೊಟ್ಟೆಗೆ ಬಿಲ್ಲು ಮಾಡಿ” ಎಂದೆ.

ಮ್ಯಾನೇಜರ್ ಓಡಿ ಬಂದರು. ಒಳ್ಳೆಯ ಮನುಷ್ಯ. “ಛೆ ಛೆ, ನೀವು ಬಿದ್ದದ್ದಲ್ಲದೆ ಮೊಟ್ಟೆಯ ಹಣವೂ ಕೊಡುವುದಾ? ಬೇಡವೇ ಬೇಡ” ಎಂದರು. ನಾನು ಬೇಡಿದೆ. ಅವರು ಕೈಮುಗಿದರು. ನಾನು ನೋಟು ಮುಂದೆ ಚಾಚಿದೆ. ಅವರು ನನ್ನ ಕೈಯನ್ನು ಪ್ರೀತಿಯಿಂದ ಜೇಬಿನ ಕಡೆಗೇ ಮಡಚಿದರು. ಹೀಗೆ ಒಂದೇ ಸೌಜನ್ಯದಿಂದ ನನ್ನ ಗ್ರಾಹಕತ್ವ ನಿರ್ನಾಮವಾಯಿತು. ಮೇಲಿಂದ ಅರ್ಧ ಲೀಟರಿನ ತೆಂಗಿನೆಣ್ಣೆಯ ಪೊಟ್ಟಣವೊಂದನ್ನು “ಸೊಂಟಕ್ಕೆ ತಿಕ್ಕಿ” ಎಂದು ಉಚಿತವಾಗಿ ಕೊಟ್ಟರು. ಕೊಲೆಯಾದವನ ಮನೆಗೆ ಕತ್ತಿಯನ್ನು ಉಡುಗೊರೆ ಕೊಟ್ಟಂತಾಯಿತು. ತೆಗೆದುಕೊಂಡೆ. ಬೇರೆ ದಾರಿ ಕಾಣದೆ ಒಂದು ಪ್ಯಾಕೆಟ್ ಉಪ್ಪು ಕೊಂಡು ಬಿಲ್ಲು ಪಡೆದೆ. ಅದರಲ್ಲಿ ಸಮಯ ಅಚ್ಚಾಗಿತ್ತು: 5.32. ಬಿದ್ದ ಇಪ್ಪತ್ತೆರಡು ನಿಮಿಷಗಳ ನಂತರ ನಾನು ನಿಸ್ಸಂದೇಹವಾಗಿ ಗ್ರಾಹಕನಾಗಿದ್ದೆ.

ಇನ್ನು ದಾವೆ. ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರ ತನ್ನ ಮಿತಾಕ್ಷರಾದಲ್ಲಿ ವ್ಯವಹಾರಕ್ಕೆ ನಾಲ್ಕು ಕಾಲುಗಳನ್ನು ಹೇಳುತ್ತಾನೆ. ಎರಡೇ ಕಾಲಿನವನು ಇಷ್ಟು ಸುಲಭವಾಗಿ ಜಾರುವಾಗ ನಾಲ್ಕು ಕಾಲಿನ ವ್ಯವಹಾರ ನಿಂತೀತು ಎಂದು ನಾನೂ ಭಾವಿಸಿದ್ದೆ. ಆದರೆ ಅದರ ಮೊದಲ ಕಾಲಿನ ಹೆಸರೇ ಭಾಷಾಪಾದ. ಭಾಷೆ ಎಂದರೆ ಅಲ್ಲಿ ದೂರು. ಕಾಸರಗೋಡಿನಲ್ಲಿ ಕಾಲು ಜಾರುವುದು ಅಲ್ಲಿಯೇ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಸರಕಾರಿ ಕಚೇರಿಗೆ ನಾನು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಕಚೇರಿಯೋ ನ್ಯಾಯಾಸ್ಥಾನವೋ ಎಂಬುದು ಎರಡನೆಯ ಸಂಪುಟದ ವಿಷಯ. ಭಾಷಾಂತರ ಮಾಡಿಕೊಡುತ್ತೇನೆಂದ ನೆರೆಯ ಮಾಸ್ಟ್ರು ‘ಜಾರಿ ಬಿದ್ದೆ’ ಎಂಬುದನ್ನು ‘ವಳುತಿ ವೀಣು’ ಎಂದು ಬರೆದು, “ಕನ್ನಡದಲ್ಲಿ ಬಿದ್ದಷ್ಟು ಪೆಟ್ಟು ಇದರಲ್ಲಿ ಕಾಣುವುದಿಲ್ಲ” ಎಂದು ತಾವೇ ಬೇಸರಪಟ್ಟರು. ನನ್ನ ಪೆಟ್ಟಿಗೆ ಆ ಊರಿನಲ್ಲಿ ಬೇಸರಪಟ್ಟವರು ಅವರೊಬ್ಬರೇ.

ಎಷ್ಟು ಕೇಳುವುದು? ಕೌಟಿಲ್ಯನ ಲೆಕ್ಕ ಹೊಕ್ಕುಳಿನಿಂದ ಶುರುವಾಗುತ್ತದೆ. ಹೊಕ್ಕುಳಿನ ಕೆಳಗೆ ಕೆಸರು, ಬೂದಿ, ಧೂಳು ಮೆತ್ತಿದರೆ ಮೂರು ಪಣ ದಂಡ, ಮೇಲೆ ಮೆತ್ತಿದರೆ ಇಮ್ಮಡಿ, ತಲೆಗಾದರೆ ನಾಲ್ಮಡಿ. ನಾನು ಬಿದ್ದದ್ದು ಅತಿ ಅಗ್ಗದ ವಲಯದ ಮೇಲೆ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 30 ಹೋಯಿತೆಂದು ಲೆಕ್ಕವಿತ್ತು. ಪ್ರತಿ ಬೆರಳಿನ ಗೆಣ್ಣಿಗೂ ದರವಿತ್ತು. ಮನುಷ್ಯ ನಿಜವಾಗಿ ಯಾವುದರ ಮೇಲೆ ಬೀಳುತ್ತಾನೋ ಅದರ ಹೆಸರೇ ಇರಲಿಲ್ಲ. ಶಾಸನ ರಚಿಸಿದವರು ಅದರ ಮೇಲೆಯೇ ಕುಳಿತಿದ್ದರಿಂದ ಕಾಣಲಿಲ್ಲವೇನೋ.

ಅದಕ್ಕಿಂತಲೂ ದೊಡ್ಡ ಲೋಪವೆಂದರೆ, ಯಾರು ನೋಡಿದರು ಎಂಬುದಕ್ಕೆ ಯಾವ ಶಾಸ್ತ್ರವೂ ದರ ಕಟ್ಟಿಲ್ಲ. ಮಂಗಳೂರಿನಲ್ಲಿ ಬಿದ್ದರೆ ನೋವು ಮಾತ್ರ. ಇಲ್ಲಿ ನಾನು ಬಸ್ಸಿಳಿಯುವ ಮೊದಲೇ ಮನೆಗೆ ಸುದ್ದಿ ತಲುಪಿತ್ತು. “ದಾನೆ ಆಂಡ್?” ಎಂದು ಕೇಳಲು ಹನ್ನೊಂದು ಜನ ಬಂದರು, ಅಷ್ಟೂ ಜನರಿಗೆ ಚಹಾ. ಯಕ್ಷಗಾನದ ಮರುಳಿರುವ ಭಾವನೊಬ್ಬ, ಅಂಗಡಿಯಲ್ಲಿ ಕಣ್ಣಾರೆ ಕಂಡವನು, ಬೀಳುವ ಮೊದಲು ನಾನು ಹಾಕಿದ ಒಂದೂವರೆ ಸುತ್ತು ಒಳ್ಳೆಯ ಧಿಗಿಣವೇ ಆಗಿತ್ತೆಂದೂ ಕೊನೆಯ ಹೆಜ್ಜೆಯಲ್ಲಿ ತಾಳ ತಪ್ಪಿತೆಂದೂ ಅಂಗಳದಲ್ಲಿ ಕುಣಿದು ತೋರಿಸಿದ. ಜೋಯಿಸರು ತಾವಾಗಿಯೇ ಕವಡೆ ಹಿಡಿದು ಬಂದರು. ಪರಿಹಾರ ಹೇಳಿದರು. ಕೊಟ್ಟೆ. ಕೊಟ್ಟಂಚುಕ್ಕಾದಿ ತೈಲ, ಆಟೋ, ಚಹಾ, ಸಕ್ಕರೆ, ದಕ್ಷಿಣೆ ಸೇರಿ ಲೆಕ್ಕ ಹಾಕಿದಾಗ ಅದು ಮೊಟ್ಟೆಯ ಬೆಲೆಯನ್ನು ಎಷ್ಟೋ ಪಾಲು ಮೀರಿತ್ತು.

ಆದರೂ ದಾವೆ ಬಿಟ್ಟಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ನನ್ನ ಉಪ್ಪು ಆ ಮಿತಿಯೊಳಗೇ ಇದೆ. ಕಾಲಾವಧಿ ಎರಡು ವರ್ಷ. ಹಾಗಾಗಿ ಬಿಲ್ಲನ್ನು ಅಲಮಾರಿಯಲ್ಲಿ ಜೋಪಾನ ಮಾಡಿದ್ದೆ. ಮೊನ್ನೆ ತೆಗೆದು ನೋಡಿದರೆ ಅದು ಬಿಳಿ ಹಾಳೆ. ಶಾಖದಿಂದ ಅಚ್ಚಾಗುವ ಆ ಕಾಗದದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತವೆ. ಎರಡು ವರ್ಷದ ಹಕ್ಕಿಗೆ ನಾಲ್ಕು ತಿಂಗಳ ಸಾಕ್ಷಿ. ಶಾಖದಿಂದ ಮೂಡಿದ್ದು ಶಾಖ ಕೊಟ್ಟರೆ ಮತ್ತೆ ಮೂಡೀತು ಎಂದು ಅಳಿಯ ಹೇಳಿದ. ಇಸ್ತ್ರಿಪೆಟ್ಟಿಗೆ ಕಾಯಿಸಿ ಮೆಲ್ಲನೆ ಒತ್ತಿದೆ. ಬಿಲ್ಲು ಮೂಲೆಯಿಂದ ಮೂಲೆಗೆ ಕಪ್ಪಾಯಿತು, ಅಂಜೂಳ ಆ ಬಾಳೆಸಿಪ್ಪೆಯಷ್ಟೇ ಕಪ್ಪು.