ಕಂಡದ್ದೆಲ್ಲ ಟೈಗರ್

ಎರಡನೇ ಮಹಾಯುದ್ಧದ ಫೋಟೋ ಕೈಗೆ ಬಂದರೆ ಮೊದಲು ತೀರ್ಮಾನ ಮಾಡಿ, ಆಮೇಲೆ ಫೋಟೋ ನೋಡಿ. ಈ ಕ್ರಮ ತಪ್ಪಿದವರು ಭೂತಗನ್ನಡಿ ಹಿಡಿದು ಒಂದೇ ಮಡ್‌ಗಾರ್ಡಿನ ಮುಂದೆ ವಾರಗಟ್ಟಲೆ ಕೂತಿರುತ್ತಾರೆ.

ಜರ್ಮನ್ ಟ್ಯಾಂಕ್ ಯಾವುದೇ ಇರಲಿ, ‘ಟೈಗರ್’ ಎನ್ನಿ. 1944ರಲ್ಲಿ ನಾರ್ಮಂಡಿಯಲ್ಲಿ ಅದರ ಎದುರು ನಿಂತ ಸೈನಿಕರೇ ಕಂಡದ್ದಕ್ಕೆಲ್ಲ ಹಾಗೆ ಕೂಗುತ್ತಿದ್ದರು. ಕುರ್ಚಿಯಲ್ಲಿ ಕೂತ ನಿಮಗೇಕೆ ಸಂಕೋಚ? ‘ಇದು ಪ್ಯಾಂಜರ್ 4, ಗೋಪುರದ ಸುತ್ತ ಉಕ್ಕಿನ ತಗಡು ಕಟ್ಟಿರುವುದರಿಂದ ದಪ್ಪಗೆ ಕಾಣುತ್ತಿದೆ’ ಎಂದು ಯಾರಾದರೂ ಶುರುಮಾಡಿದರೆ, ಅವರಿಗೆ ಚಕ್ರ ನೋಡಲು ಬಿಡಬೇಡಿ. ಪ್ಯಾಂಜರ್ 4ಕ್ಕೆ ಬದಿಗೆ ಎಂಟು ಸಣ್ಣ ಚಕ್ರ, ಟೈಗರಿಗೆ ಒಂದರ ಮೇಲೊಂದು ಹೆಣೆದ ದೊಡ್ಡ ಚಕ್ರ. ಎಣಿಸಿದರೆ ಕೆಲಸ ಕೆಟ್ಟಿತು. ತಯಾರಾದ ಟೈಗರ್ 1 ಸುಮಾರು 1,350, ಪ್ಯಾಂಜರ್ 4 ಮಾತ್ರ 8,000ಕ್ಕೂ ಹೆಚ್ಚು ಎಂಬ ಲೆಕ್ಕವನ್ನಂತೂ ಬಾಯಿಗೇ ತರಬೇಡಿ.

ಬಿಳಿ ನಕ್ಷತ್ರವಿದ್ದರೆ ಅಮೆರಿಕದ್ದು. ಮುಗಿಯಿತು. 1944ರ ಡಿಸೆಂಬರಿನಲ್ಲಿ ಆರ್ಡೆನ್ ಕಾಡಿನಲ್ಲಿ ಜರ್ಮನ್ನರು ತಮ್ಮ ಪ್ಯಾಂಥರ್ ಟ್ಯಾಂಕುಗಳಿಗೆ ತಗಡು ಬಡಿದು, ಹಸಿರು ಬಳಿದು, ನಕ್ಷತ್ರ ಬರೆದು ಅಮೆರಿಕದ ಟ್ಯಾಂಕ್ ನಾಶಕ ಎಂ10 ಎಂಬಂತೆ ಓಡಿಸಿದ್ದು ನಿಜ. ಅಷ್ಟು ಕಷ್ಟಪಟ್ಟು ವೇಷ ಕಟ್ಟಿದವರ ಬಣ್ಣ ಕಳಚುವುದು ಸೌಜನ್ಯವಲ್ಲ. ಮರಳುಗಾಡಿನ ಲಾರಿಯನ್ನೂ ಲಾರಿ ಎಂದೇ ನಂಬಿ. 1942ರಲ್ಲಿ ಎಲ್ ಅಲಮೈನ್ ಕದನಕ್ಕೆ ಮೊದಲು ಬ್ರಿಟಿಷರು ಟ್ಯಾಂಕುಗಳಿಗೆ ಲಾರಿಯ ಆಕಾರದ ಕ್ಯಾನ್ವಾಸ್ ಹೊದಿಸಿದ್ದು ಶತ್ರುಗಳು ನಂಬಲೆಂದು. ನೀವೂ ನಂಬಿದರೆ ಅವರ ಶ್ರಮ ಸಾರ್ಥಕ.

ಈಗ ಡಿವಿಷನ್ ಚಿಹ್ನೆ. ನಿಮ್ಮ ಪ್ರತಿಭೆಗೆ ನಿಜವಾದ ಮೈದಾನ ಇದೇ. ಹಕ್ಕಿಯಂಥದ್ದು ಕಂಡರೆ 4ನೇ ಭಾರತೀಯ ಡಿವಿಷನ್ನಿನ ಕೆಂಪು ಹದ್ದು. ಇಲಿಯಂಥದ್ದಾದರೆ ಬ್ರಿಟನ್ನಿನ 7ನೇ ಆರ್ಮರ್ಡ್ ಡಿವಿಷನ್ನಿನ ಜರ್ಬೋವಾ. ಉಂಡೆಯಂಥದ್ದಾದರೆ 5ನೇ ಭಾರತೀಯ ಡಿವಿಷನ್ನಿನ ಕೆಂಪು ಚೆಂಡು. ಬರೀ ಕೆಸರಿನ ಕಲೆಯಾದರೆ ಈ ಮೂರರಲ್ಲಿ ಮನಸ್ಸಿಗೆ ಬಂದದ್ದು. ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪು ಹೇಗೆ ಗೊತ್ತಾಯಿತು ಎಂದು ಕೇಳಿದರೆ ‘ಅನುಭವ’ ಎನ್ನಿ. ಚಿಹ್ನೆಯ ಜಾಗದಲ್ಲಿ ಏನೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಪತ್ರಿಕೆಗೆ ಹೋಗುವ ಮೊದಲೇ ಸೆನ್ಸಾರಿನವರು ಅಳಿಸಿರಬಹುದು. ನೀವು ‘ಅತಿ ರಹಸ್ಯ ದಳ’ ಎಂದು ಬರೆದುಬಿಡಿ. ಖಾಲಿ ಜಾಗ ಎದುರು ವಾದಿಸಿದ್ದನ್ನು ಯಾರೂ ಕಂಡಿಲ್ಲ.

ಅಕ್ಷರಗಳು ಹಿಂದುಮುಂದಾಗಿವೆ, ನೆಗೆಟಿವ್ ಮಗುಚಿ ಅಚ್ಚು ಹಾಕಿದ್ದಾರೆ ಎಂದು ತಗಾದೆ ತೆಗೆಯುವವರೂ ಉಂಟು. ಅದು ರಷ್ಯನ್ ಲಿಪಿ ಎಂದು ತಿಳಿಸಿ ಕಳಿಸಿ.

ಕೊನೆಗೆ ಫೋಟೋ ಮಗುಚಿ. ತೆಗೆದವನು ಹಿಂದೆ ಪೆನ್ಸಿಲಿನಲ್ಲಿ ಊರು, ತಾರೀಕು ಬರೆದಿಟ್ಟಿದ್ದರೆ ರಬ್ಬರಿನಿಂದ ಉಜ್ಜಿ ತೆಗೆಯಿರಿ. ಆ ಜಾಗದಲ್ಲಿ ಬಾಲ್ ಪೆನ್ನಿನಿಂದ ‘ಟೈಗರ್’ ಎಂದು ಬರೆಯಿರಿ. ಚೆನ್ನಾಗಿ ಒತ್ತಿ, ಮುಂದಿನ ಬದಿಗೂ ಮೂಡಬೇಕು.